ಮರಳಿ ಟ್ರ್ಯಾಕಿಗೆ: ಮಧ್ಯಮ ದೂರದ ಓಟಗಾರರ ಮರುತರಬೇತಿಯಲ್ಲಿ ಅಳತೆಯ ಪ್ರಶ್ನೆ

ಗಾಯವೋ ಕಾಯಿಲೆಯೋ ಪರೀಕ್ಷೆಯೋ, ಯಾವುದೋ ಕಾರಣಕ್ಕೆ ಕೆಲವು ತಿಂಗಳು ಓಟ ಬಿಟ್ಟ 800 ಅಥವಾ 1500 ಮೀಟರ್ ಓಟಗಾರರು ಮೈದಾನಕ್ಕೆ ಮರಳಿದಾಗ ಕೋಚ್‌ಗಳಿಂದ ಸಾಮಾನ್ಯವಾಗಿ ಎರಡು ಸೂತ್ರ ಕೇಳುತ್ತಾರೆ. ಮೊದಲನೆಯದು, ಆರಂಭದಲ್ಲಿ ನಿಧಾನದ ಓಟ ಸಾಕು, ವೇಗಕ್ಕೆ ಕೊನೆಯ ಸರದಿ. ಎರಡನೆಯದು, ವಾರದ ಒಟ್ಟು ದೂರವನ್ನು ಶೇ. 10ಕ್ಕಿಂತ ಹೆಚ್ಚು ಏರಿಸಬಾರದು. ದೇಹ ಕಳೆದುಕೊಂಡದ್ದೆಲ್ಲ ಒಟ್ಟಾಗಿ ಇಳಿಯುತ್ತದೆ, ಒಟ್ಟಾಗಿಯೇ ಮರಳುತ್ತದೆ ಎಂಬ ನಂಬಿಕೆ ಎರಡಕ್ಕೂ ತಳಹದಿ. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದೇ ಇಲ್ಲಿನ ವಿಚಾರ.

ಇಳಿಕೆಯ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ತಕರಾರಿಲ್ಲ. ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ, ದೀರ್ಘಕಾಲ ಪಳಗಿದ ಏಳು ಮಂದಿಯ ತರಬೇತಿ ನಿಲ್ಲಿಸಿ 84 ದಿನ ಅಭ್ಯಸಿಸಿದರು. ಗರಿಷ್ಠ ಆಮ್ಲಜನಕ ಬಳಕೆ 21 ದಿನಗಳಲ್ಲಿ ಶೇ. 7ರಷ್ಟು, 56 ದಿನಗಳ ಹೊತ್ತಿಗೆ ಶೇ. 16ರಷ್ಟು ಕುಸಿದು ಅಲ್ಲೇ ನಿಂತಿತು. ಸ್ನಾಯುಗಳ ಮೈಟೊಕಾಂಡ್ರಿಯದ ಕಿಣ್ವಗಳೂ ತಗ್ಗಿದವು; ಲೋಮನಾಳಗಳ ಸಾಂದ್ರತೆ ಮಾತ್ರ ಕದಲಲಿಲ್ಲ. ಮುಹಿಕಾ ಮತ್ತು ಪಡಿಯಾ 2000ದಲ್ಲಿ ಪ್ರಕಟಿಸಿದ ಎರಡು ಭಾಗಗಳ ಸಮೀಕ್ಷೆಯೂ ಒಟ್ಟಾರೆ ಇದೇ ಚಿತ್ರವನ್ನು ಕೊಡುತ್ತದೆ.

ತಕರಾರು ಹುಟ್ಟುವುದು ಈ ಇಳಿಕೆಯ ಗೆರೆಯನ್ನು ತಿರುವುಮುರುವಾಗಿ ಓದಿ, ಅದನ್ನೇ ಮರಳುವ ದಾರಿಯ ನಕ್ಷೆ ಎಂದುಕೊಂಡಾಗ. ಕಾಯ್ಲ್ ಅವರ ಆ ಪ್ರಯೋಗದಲ್ಲಿ ಮರುತರಬೇತಿಯ ಘಟ್ಟವೇ ಇರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಮೊದಲ ವಾರಗಳ ಕುಸಿತಕ್ಕೆ ಕಾರಣ ಬಹುಪಾಲು ರಕ್ತ. ಅದೇ ತಂಡ 1986ರಲ್ಲಿ ತೋರಿಸಿದಂತೆ, ಎರಡರಿಂದ ನಾಲ್ಕು ವಾರ ತರಬೇತಿ ಬಿಟ್ಟವರಲ್ಲಿ ರಕ್ತದ ಪ್ರಮಾಣ ಸುಮಾರು ಶೇ. 9ರಷ್ಟು ತಗ್ಗಿತ್ತು, ಪ್ಲಾಸ್ಮಾದ ಕೊರತೆಯನ್ನು ಹೊರಗಿನಿಂದ ತುಂಬಿದಾಗ ಹೃದಯ ಪ್ರತಿ ಬಡಿತಕ್ಕೆ ಹೊಮ್ಮಿಸುವ ರಕ್ತ ಹಳೆಯ ಮಟ್ಟದ ಸಮೀಪಕ್ಕೆ ಬಂತು. ಪ್ಲಾಸ್ಮಾ ಮರಳುವುದಕ್ಕೆ ತಿಂಗಳುಗಳು ಬೇಕಿಲ್ಲ. ಕನ್ವರ್ಟಿನೊ ತಂಡದ 1980ರ ಪ್ರಯೋಗದಲ್ಲಿ ಎಂಟೇ ದಿನಗಳ ವ್ಯಾಯಾಮದಿಂದ ಅದು ಸುಮಾರು ಶೇ. 12ರಷ್ಟು ಹೆಚ್ಚಿತ್ತು.

ಸ್ನಾಯುರಜ್ಜುವಿನ ಲೆಕ್ಕ ಬೇರೆ. ಕುಬೊ ಮತ್ತು ಸಂಗಡಿಗರು ಮೂರು ತಿಂಗಳು ತರಬೇತಿ ಕೊಟ್ಟು ಮೂರು ತಿಂಗಳು ನಿಲ್ಲಿಸಿದಾಗ, ರಜ್ಜುವಿನ ಬಿಗಿತ ಸ್ನಾಯುಬಲಕ್ಕಿಂತ ತಡವಾಗಿ ಬಂತು, ಬೇಗ ಹೋಯಿತು. ಇವೆರಡನ್ನೂ ಜೋಡಿಸಿ ನೋಡಿದರೆ ಮರಳುವ ಹಾದಿಯಲ್ಲಿ ಒಂದು ಅಪಾಯದ ಅವಧಿ ಕಾಣುತ್ತದೆ. ಕೆಲವೇ ವಾರಗಳಲ್ಲಿ ಉಸಿರು ಹಗುರಾಗಿ ಓಟಗಾರ ತಾನು ಮೊದಲಿನಂತಾದೆ ಎಂದುಕೊಳ್ಳುತ್ತಾನೆ. ಹಿಮ್ಮಡಿ ಮತ್ತು ಮೀನಖಂಡ ಇನ್ನೂ ಮೊದಲಿನಂತಾಗಿರುವುದಿಲ್ಲ.

‘ಹಾಗಿದ್ದರೆ ವೇಗವನ್ನು ಕೊನೆಗೆ ಇಡುವುದೇ ಸರಿಯಲ್ಲವೆ?’ ಎಂಬ ಆಕ್ಷೇಪ ಸಹಜ. ಸ್ಪೆನ್ಸರ್ ಮತ್ತು ಗ್ಯಾಸ್ಟಿನ್ 2001ರಲ್ಲಿ ಕೊಟ್ಟ ಅಂಕಿಗಳೂ ಅದಕ್ಕೆ ಒದಗುತ್ತವೆ: 800 ಮೀಟರಿಗೆ ಬೇಕಾದ ಶಕ್ತಿಯಲ್ಲಿ ಶೇ. 66, 1500 ಮೀಟರಿನಲ್ಲಿ ಶೇ. 84 ಆಮ್ಲಜನಕವನ್ನು ಬಳಸಿ ಬರುವುದು. ಆದರೆ ಇದು ಶಕ್ತಿಯ ಲೆಕ್ಕ, ಕಾಲಿನ ಮೇಲೆ ಬೀಳುವ ಹೊರೆಯ ಲೆಕ್ಕವಲ್ಲ. ಸ್ಪೈಕ್ಸ್ ತೊಟ್ಟು ಸ್ಪರ್ಧೆಯ ವೇಗದಲ್ಲಿ ಓಡಿದ ಒಂದು ಕಿಲೋಮೀಟರನ್ನೂ ಮಾತಾಡಿಕೊಂಡು ಓಡಿದ ಒಂದು ಕಿಲೋಮೀಟರನ್ನೂ ಶೇ. 10ರ ಸೂತ್ರ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ವೇಗವನ್ನು ಪೂರ್ತಿ ದೂರವಿಟ್ಟವನ ವೇಗದ ಮೀಟರುಗಳು ಸೊನ್ನೆ. ಸೊನ್ನೆಯ ಮೇಲೆ ಶೇಕಡಾವಾರು ಏರಿಕೆ ಹಾಕಲು ಬರುವುದಿಲ್ಲ. ಎರಡು ತಿಂಗಳ ನಿಧಾನದ ಓಟ ಮುಗಿಸಿ ಒಂದು ಸಂಜೆ ಹತ್ತು ಸಲ 400 ಮೀಟರ್ ಓಡಿದರೆ, ವಾರದ ಒಟ್ಟು ದೂರ ಸೂತ್ರದೊಳಗೇ ಉಳಿದೀತು, ರಜ್ಜುವಿನ ಪಾಲಿಗೆ ಮಾತ್ರ ಅದು ಒಂದೇ ಜಿಗಿತ.

ಸೂತ್ರಕ್ಕೆ ಪ್ರಯೋಗದ ಬೆಂಬಲವೂ ತೆಳುವಾಗಿದೆ. ಬೌಸ್ಟ್ ಮತ್ತು ಸಂಗಡಿಗರು 2008ರಲ್ಲಿ 532 ಹೊಸ ಓಟಗಾರರನ್ನು 13 ವಾರಗಳ ನಿಧಾನ ಏರಿಕೆ ಮತ್ತು 8 ವಾರಗಳ ಸಾಮಾನ್ಯ ಕ್ರಮಗಳಿಗೆ ಹಂಚಿದಾಗ ಗಾಯದ ಪ್ರಮಾಣ ಶೇ. 20.8 ಮತ್ತು ಶೇ. 20.3; ವ್ಯತ್ಯಾಸ ಇಲ್ಲವೆಂದೇ ಹೇಳಬೇಕು.

ಆದ್ದರಿಂದ ನನ್ನ ವಾದ ಇಷ್ಟು: ಮಧ್ಯಮ ದೂರದ ಓಟಗಾರರು ಮರಳುವಾಗ ವೇಗದ ಮೀಟರುಗಳನ್ನು ಒಟ್ಟು ದೂರದಿಂದ ಬೇರೆಯಾಗಿ ಎಣಿಸಬೇಕು, ಅವು ಮೊದಲ ವಾರಗಳಿಂದಲೇ, ನಾಲ್ಕಾರು ಸಣ್ಣ ಸ್ಟ್ರೈಡ್ಸ್‌ನಷ್ಟು ಅಲ್ಪವಾಗಿಯಾದರೂ, ಇರಬೇಕು. ಇದಕ್ಕೆ ಷರತ್ತುಗಳು ಹಲವು. ಕುಬೊ ತಂಡ ಅಳೆದದ್ದು ತೊಡೆಯ ಮುಂಭಾಗದ ಸ್ನಾಯುಗಳ ರಜ್ಜುವನ್ನು, ಅಕಿಲಿಸ್ ರಜ್ಜುವನ್ನಲ್ಲ. ಬೌಸ್ಟ್ ತಂಡದವರು ನೋಡಿದ್ದು ಹೊಸಬರನ್ನು, ಮರಳಿದವರನ್ನಲ್ಲ. ತೀವ್ರತೆ ಉಳಿಸಿಕೊಂಡರೆ ತರಬೇತಿಯ ಅವಧಿ ಕಡಿತಗೊಂಡರೂ ಸಾಮರ್ಥ್ಯ ನಿಲ್ಲುತ್ತದೆ ಎಂಬ ಹಿಕ್ಸನ್ ಅವರ 1980ರ ದಶಕದ ಫಲಿತಾಂಶ ನನ್ನ ಕಡೆಗೆ ವಾಲಿದರೂ, ಅದು ಇದ್ದುದನ್ನು ಕಾಪಾಡುವ ಮಾತು, ಹೋದದ್ದನ್ನು ಪಡೆಯುವ ಮಾತಲ್ಲ. ವಿರಾಮಕ್ಕೆ ರಜ್ಜುವಿನ ಅಥವಾ ಮೂಳೆಯ ಗಾಯವೇ ಕಾರಣವಾಗಿದ್ದರೆ ವೈದ್ಯರ ಸೂಚನೆಗೇ ಮೊದಲ ಸ್ಥಾನ.

2018ರ ಏಷ್ಯನ್ ಕ್ರೀಡಾಕೂಟದ 1500 ಮೀಟರಿನಲ್ಲಿ ಚಿನ್ನ ಗೆದ್ದು, 2019ರಲ್ಲಿ ಬರ್ಲಿನ್ನಿನಲ್ಲಿ 3:35.24ರ ರಾಷ್ಟ್ರೀಯ ದಾಖಲೆ ಬರೆದ ಜಿನ್ಸನ್ ಜಾನ್ಸನ್, ಅದೇ ವರ್ಷ ಅಕಿಲಿಸ್ ಗಾಯದಿಂದ ಹಿಂದೆ ಸರಿದರು. 2023ರಲ್ಲಿ ಹಾಂಗ್‌ಝೌದಲ್ಲಿ ಕಂಚು ಗೆದ್ದರು. ಒಬ್ಬರ ಉದಾಹರಣೆ ಯಾವ ವಾದವನ್ನೂ ಸಾಧಿಸುವುದಿಲ್ಲ. ಈ ಓಟಗಳಲ್ಲಿ ಸೋಲುವುದು ಉಸಿರೊಂದೇ ಅಲ್ಲ ಎಂಬುದನ್ನಷ್ಟೇ ನೆನಪಿಸುತ್ತದೆ.

ವೇಗದ ಪಾಲು ವಾರಕ್ಕೆ ಎಷ್ಟಿರಬೇಕು, ಮೂವತ್ತೈದು ದಾಟಿದವರಲ್ಲಿ ಅದು ಹೇಗೆ ಬದಲಾಗಬೇಕು, ಜ್ವರದ ನಂತರದ ವಿರಾಮವೂ ಗಾಯದ ನಂತರದ ವಿರಾಮವೂ ಒಂದೇ ಬಗೆಯವೆ ಎಂಬ ಪ್ರಶ್ನೆಗಳಿಗೆ ಈ ಲೇಖನದಲ್ಲಿ ಉತ್ತರವಿಲ್ಲ. ಕೋಚ್‌ಗಳು ತಮ್ಮ ತರಬೇತಿ ಡೈರಿಗಳಲ್ಲಿ ಒಟ್ಟು ದೂರ ಮತ್ತು ವೇಗದ ದೂರವನ್ನು ಎರಡು ಅಂಕಣಗಳಲ್ಲಿ ಬರೆದಿಟ್ಟರೆ, ಮೇಲಿನ ವಾದವನ್ನು ಒಪ್ಪಲು ಅಥವಾ ತಳ್ಳಿಹಾಕಲು ಬೇಕಾದ ಸಾಮಗ್ರಿ ಕೆಲವು ಋತುಗಳಲ್ಲಿ ಸಿಕ್ಕೀತು.