ಮಗನಿಗೆ ಮಾತ್ರ ದಕ್ಕುವ ಮಾಂಸದಂಗಡಿ

ಕನ್ನಡದಲ್ಲಿ ‘ಕಟುಕ’ ಎಂದರೆ ಮಾಂಸ ಮಾರುವವನೂ ಹೌದು, ಕರುಣೆಯಿಲ್ಲದವನೂ ಹೌದು. ಕಸುಬಿನ ಹೆಸರೇ ಬೈಗುಳವಾದ ಮೇಲೆ ಆ ಕಸುಬಿನವರ ಚರಿತ್ರೆಯತ್ತ ಯಾರ ಗಮನವೂ ಅಷ್ಟಾಗಿ ಹರಿಯುವುದಿಲ್ಲ. ನಮ್ಮ ಪ್ರಾಚೀನ ಕಥೆಗಳಲ್ಲಿ ಮಾಂಸದಂಗಡಿಯೊಂದು ಗೌರವದಿಂದ ಕಾಣಿಸಿಕೊಳ್ಳುವುದು ಮಹಾಭಾರತದ ವನಪರ್ವದಲ್ಲಿ. ತಪಸ್ಸಿನ ಗರ್ವ ಮುರಿದ ಕೌಶಿಕ ಧರ್ಮದ ಮರ್ಮ ತಿಳಿಯಲು ಮಿಥಿಲೆಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಗುರುವಾಗಿ ಸಿಗುವವನು ಮಾಂಸ ಮಾರುತ್ತ ಕುಳಿತ ಧರ್ಮವ್ಯಾಧ. ಇದು ಅಪ್ಪ, ಅಜ್ಜನ ಕಾಲದಿಂದ ಬಂದ ಕಸುಬು, ನಾನು ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ ಎಂಬುದು ಅವನ ಸಮಾಧಾನ. ಅಲ್ಲಿ ಕುಲಕಸುಬು ಹೊರಲೇಬೇಕಾದ ಹೊರೆ. ಅದೇ ಕಸುಬಿಗೆ ಹೊರಗಿನವರು ಕೈಹಾಕದಂತೆ ಕಾನೂನಿನ ಬೀಗ ಜಡಿದು ಕಾಪಾಡಿಕೊಂಡ ಕುಟುಂಬಗಳೂ ಚರಿತ್ರೆಯಲ್ಲಿವೆ. ಅವನ್ನು ಕಾಣಬೇಕಾದರೆ ಮಧ್ಯಯುಗದ ಪ್ಯಾರಿಸ್ಸಿಗೆ ಹೋಗಬೇಕು.

ಸೀನ್ ನದಿಯ ಬಲದಂಡೆಯಲ್ಲಿ, ಶಾತ್ಲೆ ಎಂಬ ಕೋಟೆಯ ಬುಡದಲ್ಲಿ, ‘ಗ್ರಾಂಡ್ ಬೂಶರಿ’ ಎಂದರೆ ‘ದೊಡ್ಡ ಮಾಂಸದಂಗಡಿ’ ಇತ್ತು. ಹೆಸರಿಗೆ ಒಂದು ಅಂಗಡಿಯಾದರೂ ಒಂದೇ ಸೂರಿನಡಿ ಸುಮಾರು 30 ಕಟ್ಟೆಗಳು. ಒಂದೊಂದು ಕಟ್ಟೆಯೂ ಒಂದೊಂದು ಮನೆತನದ್ದು. ದನ ಕಡಿಯುವುದು, ಚರ್ಮ ಸುಲಿಯುವುದು, ಕರುಳು ತೊಳೆಯುವುದು ಎಲ್ಲವೂ ಸುತ್ತಲಿನ ಗಲ್ಲಿಗಳಲ್ಲೇ ನಡೆಯುತ್ತಿತ್ತು. ಒಂದು ಗಲ್ಲಿಗೆ ‘ಕೊಲ್ಲುವ ಬೀದಿ’ ಎಂದೇ ಹೆಸರು. ನೆತ್ತರು ಹರಿದು ನದಿ ಸೇರುತ್ತಿತ್ತು. ಪಕ್ಕದ ಚರ್ಚಿಗೂ ‘ಮಾಂಸದಂಗಡಿಯ ಸಂತ ಜೇಮ್ಸ್’ ಎಂಬ ಹೆಸರು ಬಿದ್ದಿತ್ತು. ಚಿನ್ನ ಮಾಡುವ ರಸವಾದಿ ಎಂದು ಕಥೆಗಳಲ್ಲಿ ಮೆರೆಯುವ ನಿಕೋಲಾ ಫ್ಲಾಮೆಲ್ ನಿಜಜೀವನದಲ್ಲಿ ಇದೇ ಕೇರಿಯ ಲಿಪಿಕಾರ. 1418ರಲ್ಲಿ ತೀರಿಕೊಂಡಾಗ ಅವನನ್ನು ಹೂಳಿದ್ದು ಈ ಚರ್ಚಿನಲ್ಲೇ.

ಈ ಕಟ್ಟೆಗಳ ಹಕ್ಕು ಹಳೆಯದು. 1162ರಲ್ಲಿ ದೊರೆ ಏಳನೆಯ ಲೂಯಿ ಇವರ ಪದ್ಧತಿಗಳನ್ನು ಮಾನ್ಯ ಮಾಡಿದಾಗಲೇ ಅವು ‘ಪುರಾತನ’ ಎನಿಸಿಕೊಂಡಿದ್ದವು. 1381ರ ಶಾಸನದಲ್ಲಿ ನಿಯಮ ಸ್ಪಷ್ಟವಾಗಿದೆ: ಇಲ್ಲಿನ ಕಟುಕನ ಮಗನಲ್ಲದವನು ಇಲ್ಲಿ ಕಟುಕನಾಗಲಾರ. ಮಗಳಿಗೆ ಹಕ್ಕಿಲ್ಲ, ಎಷ್ಟೇ ಕೈಚಳಕವಿದ್ದರೂ ಅಳಿಯನಿಗೂ ಇಲ್ಲ. ಹಕ್ಕು ಪಡೆದ ಮಗ ಇಡೀ ಬಳಗಕ್ಕೆ ಊಟ ಹಾಕಿಸಬೇಕು, ಮದ್ಯ ಕುಡಿಸಬೇಕು. ಅವರ ಮುಖಂಡನನ್ನು ಆಯ್ಕೆ ಮಾಡುತ್ತಿದ್ದುದು ಜೀವಾವಧಿಗೆ. ತಮ್ಮತಮ್ಮಲ್ಲಿನ ವ್ಯಾಜ್ಯ ತೀರಿಸಲು ಅವನದೇ ನ್ಯಾಯಪೀಠ. ಜಾತಿಪದ್ಧತಿ ಬಲ್ಲ ನಮಗೆ ಇದರಲ್ಲಿ ಅಚ್ಚರಿಯೇನೂ ಕಾಣದಿರಬಹುದು. ಆದರೆ ನಮ್ಮಲ್ಲಿ ಈ ಕಸುಬಿಗೆ ಹುಟ್ಟಿದವರನ್ನು ಕೆಳಗಿಟ್ಟದ್ದು ಮೇಲಿನವರು; ಅಲ್ಲಿ ಬಾಗಿಲು ಹಾಕಿಕೊಂಡವರು ಒಳಗಿನವರೇ.

ಹಾಗೆಂದು ಅವರಿಗೆ ಮರ್ಯಾದೆ ಇತ್ತೆಂದಲ್ಲ. ರಕ್ತದ ಸೋಂಕಿರುವ ಕಸುಬುಗಳನ್ನು ಮಧ್ಯಯುಗದ ಚರ್ಚು ಹೇಸಿಗೆಯಿಂದ ಕಾಣುತ್ತಿತ್ತು. ಕಟುಕರು, ಕ್ಷೌರಿಕರು, ಶಸ್ತ್ರವೈದ್ಯರು ಒಂದೇ ಪಟ್ಟಿಯಲ್ಲಿ ಬರುತ್ತಿದ್ದರೆಂದು ಫ್ರೆಂಚ್ ಇತಿಹಾಸಕಾರ ಜಾಕ್ ಲ ಗಾಫ್ ತೋರಿಸಿದ್ದಾರೆ. ಹಣವಿದೆ, ಗೌರವವಿಲ್ಲ. ಬೆನ್ನಿಗೆ ಚರ್ಮ ಸುಲಿಯುವವರು, ಹದ ಮಾಡುವವರು, ಕರುಳು ಮಾರುವವರು ಇದ್ದಾರೆ. ಅವರೆಲ್ಲರ ಕೈಯಲ್ಲೂ ಕತ್ತಿ ಇದೆ. ಇಂಥ ಗುಂಪನ್ನು ರಾಜಕಾರಣಿಗಳು ಬಹುಕಾಲ ಸುಮ್ಮನೆ ಬಿಡುವುದಿಲ್ಲ.

ಹಾಗೆಯೇ ಆಯಿತು. ದೊರೆ ಆರನೆಯ ಚಾರ್ಲ್ಸ್‌ಗೆ ಬುದ್ಧಿಭ್ರಮಣೆ. ಅವನ ಹೆಸರಿನಲ್ಲಿ ಆಳುವುದಕ್ಕಾಗಿ ಬರ್ಗಂಡಿಯ ಡ್ಯೂಕ್ ಜಾನ್‌ಗೂ ಎದುರಾಳಿಗಳಾದ ಆರ್ಮನ್ಯಾಕ್ ಬಣಕ್ಕೂ ಕಾದಾಟ. ಡ್ಯೂಕ್ ಮಾಂಸದಂಗಡಿಯ ಮನೆತನಗಳನ್ನು ಒಲಿಸಿಕೊಂಡ. ಲೆಗ್ವಾ, ಸ್ಯಾಂ-ಯೋಂ, ತಿಬೇರ್ ಮನೆತನದವರು ಪಟ್ಟಣದ ದೊಡ್ಡಮನುಷ್ಯರಾದರು. 1413ರ ಏಪ್ರಿಲ್‌ನಲ್ಲಿ ದಂಗೆ ಎದ್ದಿತು. ಜನ ಬ್ಯಾಸ್ಟಿಲ್ ಕೋಟೆಗೆ ಮುತ್ತಿಗೆ ಹಾಕಿದರು, ಯುವರಾಜನ ಅರಮನೆಗೇ ನುಗ್ಗಿ ಅವನ ಆಪ್ತರನ್ನು ಎಳೆದೊಯ್ದರು. ತಲೆಗೆ ಬಿಳಿ ಮುಸುಕು ಅವರ ಗುರುತು. ಸೋಜಿಗವೆಂದರೆ ಈ ದಂಗೆಗೆ ಹೆಸರು ಕೊಟ್ಟವನು ಕಟ್ಟೆಯ ಒಡೆಯನಲ್ಲ, ಚರ್ಮ ಸುಲಿಯುತ್ತಿದ್ದ ಸಿಮೋನ್ ಕಾಬೋಶ್. ಒಳಗೆ ಕಟ್ಟೆ ಸಿಗದವನು ಬೀದಿಯಲ್ಲಿ ನಾಯಕನಾದ. ಮೇ ತಿಂಗಳಲ್ಲಿ ಹೊರಬಿದ್ದ 258 ವಿಧಿಗಳ ಆಡಳಿತ ಸುಧಾರಣೆಯ ಶಾಸನವನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅದನ್ನು ರೂಪಿಸಿದವರು ಮಾತ್ರ ಓದಿದವರು. ಆದರೆ ರಕ್ತಪಾತದಿಂದ ಪಟ್ಟಣ ಬೇಸತ್ತಿತ್ತು. ಆಗಸ್ಟ್‌ಗೆ ದಂಗೆ ಮುಗಿಯಿತು, ಸೆಪ್ಟೆಂಬರ್‌ನಲ್ಲಿ ಶಾಸನ ರದ್ದಾಯಿತು.

ಸೇಡು ಮೂರು ವರ್ಷ ತಡವಾಗಿ ಬಂತು. 1416ರಲ್ಲಿ ಆರ್ಮನ್ಯಾಕರ ಕೈಯಲ್ಲಿದ್ದ ಸರ್ಕಾರ ದೊಡ್ಡ ಮಾಂಸದಂಗಡಿಯನ್ನು ನೆಲಸಮ ಮಾಡಿ, ಮನೆತನಗಳ ಹಕ್ಕನ್ನು ಕಿತ್ತು, ಬೇರೆಡೆ ನಾಲ್ಕು ಸಣ್ಣ ಮಾಂಸದ ಮಾರುಕಟ್ಟೆಗಳನ್ನು ತೆರೆಯಿತು. ಕೊಟ್ಟ ಕಾರಣ ಪಟ್ಟಣದ ಅಂದ ಮತ್ತು ನೈರ್ಮಲ್ಯ. ಕೊಳಕು ಇದ್ದದ್ದು ಸುಳ್ಳಲ್ಲ, ಆದರೆ ಅದು ಆಳುವವರ ಕಣ್ಣಿಗೆ ಬಿದ್ದ ಗಳಿಗೆ ಯಾವುದೆಂದು ನೋಡಬೇಕು. 1418ರಲ್ಲಿ ಬರ್ಗಂಡಿ ಬಣ ಪ್ಯಾರಿಸ್ಸನ್ನು ಮರಳಿ ಹಿಡಿದದ್ದೇ ತಡ, ಹಳೆಯ ಜಾಗದಲ್ಲಿ ಅಂಗಡಿ ಮತ್ತೆ ಎದ್ದಿತು, ಹಕ್ಕುಗಳೂ ಹಿಂತಿರುಗಿದವು.

ಸೇನೆ, ಶಾಸನಗಳಿಂದ ಆಗದ ಕೆಲಸವನ್ನು ಮನೆತನದ ನಿಯಮವೇ ಮಾಡಿತು. ಗಂಡುಸಂತಾನವಿಲ್ಲದ ಮನೆಯ ಕಟ್ಟೆ ಉಳಿದವರಿಗೆ ಸೇರುತ್ತಿತ್ತು. ಒಂದೊಂದು ವಂಶ ನಿಂತಾಗಲೂ ಉಳಿದ ವಂಶಗಳು ಕೊಬ್ಬಿದವು. 16ನೇ ಶತಮಾನದ ಹೊತ್ತಿಗೆ ಉಳಿದದ್ದು ಬೆರಳೆಣಿಕೆಯ ಮನೆತನಗಳು. ಅವರು ಕತ್ತಿ ಹಿಡಿಯುವುದನ್ನು ಬಿಟ್ಟು ಕಟ್ಟೆಗಳನ್ನು ಬಾಡಿಗೆಗೆ ಕೊಟ್ಟು ಕುಳಿತರು. ಮಾಂಸ ಕಡಿಯುತ್ತಿದ್ದವನು ಬಾಡಿಗೆದಾರ, ‘ಕಟುಕ’ನೆಂಬ ಹಕ್ಕುಪತ್ರ ಮಾತ್ರ ಮನೆಯಲ್ಲಿದ್ದ ಒಡೆಯನದು! ಕೊನೆಗೆ 1587ರಲ್ಲಿ ದೊರೆ ಮೂರನೆಯ ಹೆನ್ರಿ ಬಾಡಿಗೆಗೆ ದುಡಿಯುತ್ತಿದ್ದವರಿಗೇ ಪ್ರತ್ಯೇಕ ಸಂಘ ಕಟ್ಟಿಕೊಳ್ಳಲು ಅವಕಾಶ ಕೊಟ್ಟ. ಹಳೆಯ ಮನೆತನಗಳ ಪಾಲಿಗೆ ಉಳಿದದ್ದು ಬಾಡಿಗೆ.

ಮುಂದಿನದನ್ನು ಬೇಗ ಹೇಳಿಬಿಡಬಹುದು. 1791ರಲ್ಲಿ ಕ್ರಾಂತಿಯ ಸರ್ಕಾರ ಕಸುಬಿನ ಸಂಘಗಳನ್ನೆಲ್ಲ ರದ್ದು ಮಾಡಿತು. ನೆಪೋಲಿಯನ್ ಮತ್ತೆ ಮಿತಿ ಹಾಕಿ 1811ರಲ್ಲಿ ಪ್ಯಾರಿಸ್ಸಿನ ಕಟುಕರ ಸಂಖ್ಯೆಯನ್ನು 300ಕ್ಕೆ ಇಳಿಸಿದ. ಅಂಗಡಿ ತೆರೆಯುವ ಪೂರ್ಣ ಸ್ವಾತಂತ್ರ್ಯ ಸಿಕ್ಕಿದ್ದು 1858ರಲ್ಲಿ. ಈ ನಡುವೆ 1818ರಲ್ಲಿ ಊರಂಚಿನಲ್ಲಿ ಐದು ಸಾರ್ವಜನಿಕ ಕಸಾಯಿಖಾನೆಗಳು ತೆರೆದವು. ಬೀದಿಯಲ್ಲಿ ಕಡಿಯುವುದು ನಿಂತಿತು. ಕ್ರಮೇಣ ಕೊಲ್ಲುವವನು ಬೇರೆ, ಮಾರುವವನು ಬೇರೆ ಆದರು. ಮಿಥಿಲೆಯ ವ್ಯಾಧ ಆರಿಸಿಕೊಂಡಿದ್ದ ಏರ್ಪಾಟು ಪ್ಯಾರಿಸ್ಸಿನ ಅಂಗಡಿಯವನಿಗೆ ಹೀಗೆ ತಾನಾಗಿ ಒದಗಿತು. 1867ರಲ್ಲಿ ಕಸಾಯಿಖಾನೆಗಳು ಒಟ್ಟಾಗಿ ಲಾ ವಿಲೆತ್‌ಗೆ ಹೋದವು. ಅದೂ 1974ರಲ್ಲಿ ಮುಚ್ಚಿತು. 1986ರಿಂದ ಆ ಆವರಣದಲ್ಲಿ ವಿಜ್ಞಾನ ವಸ್ತುಸಂಗ್ರಹಾಲಯವಿದೆ. ಶಾತ್ಲೆಯ ಬಳಿ ಚರ್ಚೂ ಈಗಿಲ್ಲ. 16ನೇ ಶತಮಾನದಲ್ಲಿ ಕಟ್ಟಿದ ಅದರ ಗೋಪುರವೊಂದೇ ನಿಂತಿದೆ.

ಇಷ್ಟೆಲ್ಲ ಹೋದರೂ ಕಟುಕರದೊಂದು ಆಸ್ತಿ ಫ್ರೆಂಚರ ನಾಲಿಗೆಯ ಮೇಲೆ ಉಳಿದಿದೆ. ಗಿರಾಕಿಗಳಿಗೆ ತಿಳಿಯಬಾರದೆಂದು 19ನೇ ಶತಮಾನದಲ್ಲಿ ಅಂಗಡಿಯವರು ಒಂದು ಗುಟ್ಟುಭಾಷೆ ಆಡುತ್ತಿದ್ದರು. ನಮ್ಮ ಮಕ್ಕಳು ಅಕ್ಷರಕ್ಕೊಂದು ‘ಕ’ ಸೇರಿಸಿ ಮಾತನಾಡುವ ಹಾಗೆಯೇ ಇದೂ: ಪದದ ಮೊದಲ ವ್ಯಂಜನವನ್ನು ಕೊನೆಗೆ ಅಟ್ಟಿ, ಅದರ ಜಾಗದಲ್ಲಿ ‘ಲ’ಕಾರ ಕೂರಿಸಿ, ಕೊನೆಗೊಂದು ಬಾಲ ಹಚ್ಚುವುದು. ಕಟುಕನೆಂಬ ಅರ್ಥದ ‘ಬೂಶೆ’ ಹೀಗೆ ‘ಲೂಶೆಬೆಮ್’ ಆಯಿತು. ಆ ಭಾಷೆಗೂ ಅದೇ ಹೆಸರು. ಹುಚ್ಚ ಎಂಬರ್ಥದ ‘ಫೂ’ ಇದೇ ಬಗೆಯಲ್ಲಿ ‘ಲೂಫೋಕ್’ ಆಗಿ ನಿಘಂಟು ಸೇರಿತು. ತಿಕ್ಕಲು ಸ್ವಭಾವದವರನ್ನು ಕಂಡಾಗ ಫ್ರೆಂಚರು ಇಂದಿಗೂ ಆಡುವ ಮಾತು ಅದು.