ಬೆಳೆದ ಕಾಳು, ಚೆಲ್ಲಿದ ಕಾಳು

ಅಮೆರಿಕದ ದಕ್ಷಿಣ ಮತ್ತು ಮಧ್ಯ ಭಾಗದ ರಾಜ್ಯಗಳಲ್ಲಿ ಆಗಸ್ಟ್ ಕೊನೆಯ ಹೊತ್ತಿಗೆ ಒಂದು ವಿಚಿತ್ರ ಬೆಳೆ ಕಾಣಸಿಗುತ್ತದೆ. ಸೂರ್ಯಕಾಂತಿ ಕಾಳು ಕಟ್ಟಿ, ತೆನೆ ಬಾಗಿ, ಎಲೆ ಒಣಗಿ ಕಪ್ಪಾಗಿ ನಿಂತಿರುತ್ತದೆ. ಕೊಯ್ಲಿನ ಯಂತ್ರ ಮಾತ್ರ ಅತ್ತ ಸುಳಿಯುವುದಿಲ್ಲ. ಹೊಲದ ಒಡೆಯ ನಾಲ್ಕಾರು ಸಾಲುಗಳನ್ನು ಕೊಚ್ಚಿ ನೆಲಕ್ಕೆ ಕೆಡವುತ್ತಾನೆ, ಉಳಿದವನ್ನು ಹಾಗೆಯೇ ಬಿಡುತ್ತಾನೆ. ಕಾಳು ಮಣ್ಣಿಗೆ ಉದುರುತ್ತದೆ. ಬೆಳವಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ ಹೊಲದ ಅಂಚಿನ ನೆರಳಲ್ಲಿ ಕೋವಿ ಹಿಡಿದವರು ಕೂತಿರುತ್ತಾರೆ.

ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಅದೇ ಹೊಲಕ್ಕೆ ಅಂಗಡಿಯಿಂದ ತಂದ ಒಂದು ಚೀಲ ಸೂರ್ಯಕಾಂತಿ ಕಾಳನ್ನು ಚೆಲ್ಲಿ, ಅದೇ ಹಕ್ಕಿಗೆ ಈಡು ಹೊಡೆದರೆ ಅದು ಫೆಡರಲ್ ಅಪರಾಧ. ಹಕ್ಕಿಗೆ ಎರಡೂ ಕಾಳು ಒಂದೇ. ಕಾನೂನಿಗೆ ಮಾತ್ರ ಬೇರೆ ಬೇರೆ. ಬೆಳೆದ ಕಾಳಿಗೂ ಚೆಲ್ಲಿದ ಕಾಳಿಗೂ ನಡುವೆ ಎಳೆದ ಈ ಗೆರೆಯ ಹಿಂದೆ ನೂರು ವರ್ಷಗಳ ಕಥೆಯಿದೆ.

ಸೂರ್ಯಕಾಂತಿ ಅಮೆರಿಕದ್ದೇ ಗಿಡ. ಆ ಖಂಡದ ಮೂಲನಿವಾಸಿಗಳು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಅದನ್ನು ಪಳಗಿಸಿ ಬೆಳೆಯತೊಡಗಿದ್ದರು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಕೈಯಲ್ಲಿ ಅದು ಯುರೋಪಿನ ತೋಟಗಳಿಗೆ ಹೋಯಿತು. ಅದನ್ನು ಎಣ್ಣೆಯ ಬೆಳೆಯಾಗಿ ದೊಡ್ಡ ಪ್ರಮಾಣದಲ್ಲಿ ಬೆಳೆದವರು ರಷ್ಯಾದವರು. ಕ್ರಾಸ್ನೊದಾರ್‌ನಲ್ಲಿ ವಿ.ಎಸ್. ಪುಸ್ತೊವೊಯ್ತ್ ಎಂಬ ತಳಿ ವಿಜ್ಞಾನಿ ದಶಕಗಳ ಕಾಲ ಆಯ್ದು ಆಯ್ದು ಬೆಳೆಸಿ, ಕಾಳಿನ ಎಣ್ಣೆಯ ಅಂಶವನ್ನು ಸುಮಾರು ಮೂರನೆಯ ಒಂದು ಭಾಗದಿಂದ ಹೆಚ್ಚುಕಡಿಮೆ ಅರ್ಧದವರೆಗೆ ಏರಿಸಿದರು. ಅಲ್ಲಿ ಹುಟ್ಟಿದ ಹೆಸರಾಂತ ತಳಿಯೊಂದು ಪೆರೆದೊವಿಕ್. ಕಪ್ಪು ಬಣ್ಣದ, ತೆಳು ಸಿಪ್ಪೆಯ, ಸಣ್ಣ ಕಾಳು ಅದರದು.

ಈ ಪೆರೆದೊವಿಕ್ ಎರಡು ದಿಕ್ಕಿಗೆ ಪಯಣಿಸಿತು. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಭಾರತಕ್ಕೆ ಬಂದ ಕೆಲವೇ ತಳಿಗಳಲ್ಲಿ ಅದೂ ಒಂದು. ಈ ದೇಶದಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಳೆಯಾಗಿ ಬೇರೂರಿದ್ದು ಆಗಲೇ. ಮುಂದೆ ಅದನ್ನು ಹೆಚ್ಚು ಬೆಳೆದ ರಾಜ್ಯ ಕರ್ನಾಟಕ. ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿ 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದಲೇ ಬಂತು. ಅತ್ತ ಅಮೆರಿಕದಲ್ಲಿ ಇದೇ ಪೆರೆದೊವಿಕ್ ಬೆಳವದ ಹೊಲಗಳ ಅಚ್ಚುಮೆಚ್ಚಿನ ಬೀಜವಾಯಿತು. ಒಂದೇ ಬೀಜ, ಹಕ್ಕಿಯ ಜೊತೆಗಿನ ನಂಟು ಮಾತ್ರ ತಿರುಗುಮುರುಗು. ಎರೆ ಸೀಮೆಯ ರೈತನಿಗೆ ತೆನೆ ಬಲಿಯುವ ಕಾಲವೆಂದರೆ ಹಕ್ಕಿ ಕಾಯುವ ಕಾಲ. ಗಿಳಿವಿಂಡು ಬಂದೀತೆಂದು ಬೆಳಗಾಗುವ ಮೊದಲೇ ಹೊಲಕ್ಕೆ ಹೋಗಿ ಡಬ್ಬ ಬಡಿಯಬೇಕು, ಕವಣೆ ಬೀಸಬೇಕು. ಅಮೆರಿಕದ ಆ ಹೊಲದಲ್ಲಿ ಹಕ್ಕಿ ಬಾರದಿದ್ದರೆ ಬೆಳೆ ಕೈಕೊಟ್ಟಂತೆ.

ಅಲ್ಲಿ ಬರುವ ಹಕ್ಕಿಯ ಇಂಗ್ಲಿಷ್ ಹೆಸರು ಮೌರ್ನಿಂಗ್ ಡವ್. ಅದರ ಕೂಗು ಅಳುವಿನಂತೆ ಕೇಳುವುದರಿಂದ ಬಂದ ಹೆಸರು. ತೂಕ ಸುಮಾರು 120 ಗ್ರಾಂ. ಆಹಾರ ಬಹುಪಾಲು ಕಾಳೇ. ಕೋಳಿಯಂತೆ ಕೆದಕಿ ತಿನ್ನುವ ಬಲ ಅದರ ಕಾಲಿಗಿಲ್ಲ. ನೆಲದ ಮೇಲೆ ಕಣ್ಣಿಗೆ ಕಂಡದ್ದನ್ನಷ್ಟೇ ಹೆಕ್ಕುತ್ತದೆ. ಹಾಗಾಗಿ ಅದಕ್ಕೆ ಕಳೆಯಿಲ್ಲದ ಬೋಳು ನೆಲ ಬೇಕು. ಬೆಳವದ ಹೊಲ ಮಾಡುವವರ ಕಸುಬೆಲ್ಲ ಈ ಒಂದು ಸಂಗತಿಯ ಸುತ್ತ ಇದೆ. ಏಪ್ರಿಲ್ ಹೊತ್ತಿಗೆ ಬಿತ್ತುತ್ತಾರೆ, ಸಾಲುಗಳ ನಡುವೆ ಕಳೆ ಏಳದಂತೆ ನೋಡಿಕೊಳ್ಳುತ್ತಾರೆ. ಆಗಸ್ಟ್‌ನಲ್ಲಿ ಕಾಳು ಬಲಿತ ಮೇಲೆ ಪಟ್ಟೆಪಟ್ಟೆಯಾಗಿ ಕೊಚ್ಚುತ್ತಾರೆ. ಒಂದೇ ಸಲಕ್ಕೆ ಎಲ್ಲವನ್ನೂ ಕೊಚ್ಚುವುದಿಲ್ಲ. ಹಕ್ಕಿಗೆ ಹೊಲದ ರೂಢಿ ಹತ್ತಬೇಕು, ಅದು ದಿನವೂ ಬರಬೇಕು.

ಬೇಟೆಗೆ ಇಷ್ಟೊಂದು ಕಟ್ಟುಪಾಡು ಏಕೆ ಬಂತೆಂದು ತಿಳಿಯಲು ಇದೇ ಬಳಗದ ಇನ್ನೊಂದು ಹಕ್ಕಿಯ ಕಥೆ ನೋಡಬೇಕು. ಪ್ಯಾಸೆಂಜರ್ ಪಾರಿವಾಳ ಒಂದು ಕಾಲಕ್ಕೆ ಉತ್ತರ ಅಮೆರಿಕದಲ್ಲಿ 300 ಕೋಟಿಗೂ ಹೆಚ್ಚಿತ್ತೆಂಬ ಅಂದಾಜಿದೆ. ಹಿಂಡು ಹಾರಿದರೆ ಬಿಸಿಲು ಮರೆಯಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಟೆಲಿಗ್ರಾಫ್ ಬಂದ ಮೇಲೆ ಹಿಂಡು ಎಲ್ಲಿ ಇಳಿದಿದೆ ಎಂಬ ಸುದ್ದಿ ಬೇಟೆಯ ವ್ಯಾಪಾರಿಗಳಿಗೆ ಬೇಗ ಮುಟ್ಟಿತು. ರೈಲು ಬಂದ ಮೇಲೆ ಕೊಂದ ಹಕ್ಕಿ ಪೀಪಾಯಿಗಳಲ್ಲಿ ನಗರದ ಮಾರುಕಟ್ಟೆ ಸೇರಿತು. ನೆಲದ ಮೇಲೆ ಕಾಳು, ಉಪ್ಪು ಚೆಲ್ಲಿ, ಕಣ್ಣು ಹೊಲಿದ ಜೀವಂತ ಪಾರಿವಾಳವನ್ನು ಮೇಟಿಗೆ ಕಟ್ಟಿ, ಇಳಿದ ಹಿಂಡಿನ ಮೇಲೆ ಬಲೆ ಎಳೆಯುತ್ತಿದ್ದರು. ಆ ಕುಲದ ಕೊನೆಯ ಹಕ್ಕಿ, ಮಾರ್ಥಾ, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಬೆಳೆಗೆ ಬೀಳುತ್ತದೆಂದು ರೈತರ ಗುಂಡಿಗೆ ಗುರಿಯಾಗಿದ್ದ ಕೆರೊಲಿನಾ ಗಿಳಿಯೂ ಅದೇ ಮೃಗಾಲಯದಲ್ಲೇ, 1918ರ ಫೆಬ್ರವರಿಯಲ್ಲಿ ಕೊನೆಗೊಂಡಿತು.

ಈ ನಷ್ಟಗಳ ನಡುವೆಯೇ 1916ರಲ್ಲಿ ಅಮೆರಿಕ, ಕೆನಡಾದ ಪರವಾಗಿ ಬ್ರಿಟನ್ನಿನ ಜೊತೆ ವಲಸೆ ಹಕ್ಕಿಗಳ ಒಪ್ಪಂದ ಮಾಡಿಕೊಂಡಿತು. 1918ರ ಜುಲೈನಲ್ಲಿ ಅದು ಕಾಯ್ದೆಯಾಯಿತು. ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಬೇಟೆಹಕ್ಕಿಗಳನ್ನು ಹೊಡೆಯುವಂತಿಲ್ಲ ಎಂಬುದು ಒಪ್ಪಂದದ ಮಾತು. ಬೆಳವದ ಬೇಟೆ ಸೆಪ್ಟೆಂಬರ್‌ನಲ್ಲೇ ತೆರೆಯುವುದಕ್ಕೆ ಕಾರಣ ಇದು. ಹಕ್ಕಿಗಳ ಮೇಲೆ ಹಕ್ಕು ತನ್ನದೆಂದು ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1920ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಬರೆದ ತೀರ್ಪು ಕಾಯ್ದೆಯನ್ನು ಎತ್ತಿಹಿಡಿಯಿತು. ಇಂದು ಇಲ್ಲಿ, ನಾಳೆ ಇನ್ನೆಲ್ಲೋ ಇರುವ ಹಕ್ಕಿಯನ್ನು ಯಾವೊಂದು ರಾಜ್ಯವೂ ತನ್ನ ಸೊತ್ತು ಎನ್ನಲಾಗದು ಎಂಬುದು ಅದರ ತಿರುಳು.

1930ರ ದಶಕದ ಬರಗಾಲದಲ್ಲಿ ನೀರುಹಕ್ಕಿಗಳ ಸಂಖ್ಯೆ ಕುಸಿಯಿತು. 1935ರಲ್ಲಿ ಕಾಳು ಚೆಲ್ಲಿ ಬಾತುಗಳನ್ನು ಹೊಡೆಯುವುದು, ಜೀವಂತ ಹಕ್ಕಿಯನ್ನು ತೋರಿಸಿ ಕರೆಯುವುದು ಎರಡೂ ನಿಷಿದ್ಧವಾದವು. ಕಾಳಿನ ಆಮಿಷದ ನಿಷೇಧ ಬೆಳವಕ್ಕೂ ಅನ್ವಯಿಸಿತು. ಇಲ್ಲಿಯೇ ಕಾನೂನಿಗೆ ತೊಡಕು ಎದುರಾಯಿತು. ಬೆಳವ ಬದುಕುವುದೇ ರೈತನ ಹೊಲದ ಉದುರು ಕಾಳಿನಿಂದ. ನೆಲದ ಮೇಲೆ ಕಾಳಿರುವ ಕಡೆಯೆಲ್ಲ ಬೇಟೆ ಬೇಡವೆಂದರೆ ಬೇಟೆಯೇ ನಿಂತುಹೋಗುತ್ತದೆ. ಕಾಳಿದ್ದರೂ ಸರಿ ಎಂದರೆ ಚೀಲ ಹೊತ್ತು ಬರುವವನನ್ನು ತಡೆಯಲಾಗದು. ಆದ್ದರಿಂದ ಕಾನೂನು ಕಾಳನ್ನು ಬಿಟ್ಟು ಅದು ಬಂದ ದಾರಿಯನ್ನು ನೋಡಿತು. ಅದೇ ನೆಲದಲ್ಲಿ ಬೆಳೆದು, ಅಲ್ಲಿಯೇ ಕೊಚ್ಚಿ ಉದುರಿಸಿದ್ದಾದರೆ ಅಡ್ಡಿಯಿಲ್ಲ. ಕೊಯ್ದು ಒಯ್ದದ್ದನ್ನು ಮರಳಿ ತಂದು ಚೆಲ್ಲಿದರೆ ಅದು ಆಮಿಷ. ಚೆಲ್ಲಿದ್ದನ್ನು ಪೂರ್ತಿ ತೆಗೆದ ಮೇಲೂ ಹತ್ತು ದಿನ ಆ ಜಾಗದಲ್ಲಿ ಕೋವಿ ಎತ್ತುವಂತಿಲ್ಲ, ಏಕೆಂದರೆ ಕಾಳು ಹೋದರೂ ಹಕ್ಕಿಯ ರೂಢಿ ಹೋಗಿರುವುದಿಲ್ಲ. ಬಾತುಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಬೇಟೆಗೆಂದೇ ಕೊಚ್ಚಿ ಕೆಡವಿದ ಬೆಳೆಯ ಮೇಲೆ ಅವನ್ನು ಹೊಡೆಯುವಂತಿಲ್ಲ.

ಗೆರೆ ಕಾಗದದ ಮೇಲೆ ಸ್ಪಷ್ಟವಾಗಿತ್ತು, ಹೊಲದಲ್ಲಿ ಅಷ್ಟು ಸ್ಪಷ್ಟವಿರಲಿಲ್ಲ. ನೆಂಟರ ಹೊಲಕ್ಕೆ ಒಂದು ದಿನದ ಅತಿಥಿಯಾಗಿ ಬಂದವನಿಗೆ ಕಾಳು ಉದುರಿದ್ದೋ ಚೆಲ್ಲಿದ್ದೋ ಹೇಗೆ ತಿಳಿಯಬೇಕು? ಬಹಳ ವರ್ಷ ಹೆಚ್ಚಿನ ನ್ಯಾಯಾಲಯಗಳು ಈ ಪ್ರಶ್ನೆಯನ್ನೇ ಕೇಳಲಿಲ್ಲ. ಕಾಳಿತ್ತು, ಕೋವಿಯಿತ್ತು, ತಪ್ಪು ಸಾಬೀತು. ದಕ್ಷಿಣದ ರಾಜ್ಯಗಳ ಮೇಲೆ ಅಧಿಕಾರವಿದ್ದ ಐದನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಮಾತ್ರ 1978ರಲ್ಲಿ, ಬೇಟೆಗಾರ ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ತಿಳಿಯುವಂತಿತ್ತೇ ಎಂದು ಕೇಳಬೇಕೆಂದಿತು. ಇಪ್ಪತ್ತು ವರ್ಷ ಒಂದು ಪ್ರದೇಶಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ಎಂಬಂತಾಯಿತು. 1998ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಕಾಯ್ದೆಯನ್ನೇ ತಿದ್ದಿತು. ಬೇಟೆಗಾರನಿಗೆ ಗೊತ್ತಿರಬೇಕು, ಇಲ್ಲವೇ ಗೊತ್ತಿರಬೇಕಾದ ಸ್ಥಿತಿಯಿರಬೇಕು, ಆಗಷ್ಟೇ ಅಪರಾಧ. ಜೊತೆಗೆ, ಬೇಟೆಗೆಂದು ಕಾಳು ಚೆಲ್ಲಿದವನಿಗೇ ಒಂದು ವರ್ಷದವರೆಗಿನ ಸೆರೆಯ ಪ್ರತ್ಯೇಕ ಶಿಕ್ಷೆ ಬಂತು. ಮರುವರ್ಷ ಯಾವುದು ಬೇಸಾಯ, ಯಾವುದು ಆಮಿಷ ಎಂಬುದಕ್ಕೆ ವಿವರವಾದ ವ್ಯಾಖ್ಯೆಗಳು ಬಂದವು.

ಈ ಗೆರೆಯಲ್ಲಿ ಹಕ್ಕಿಯ ಮೇಲಿನ ಕರುಣೆ ಹುಡುಕಿದರೆ ಸಿಗದು. ಆಮಿಷ ಒಡ್ಡುವುದನ್ನು ಅದು ದುಬಾರಿ ಮಾಡಿತು. ಚೀಲದ ಕಾಳು ಚೆಲ್ಲಲು ಅರ್ಧ ಗಂಟೆ ಸಾಕು. ಸೂರ್ಯಕಾಂತಿಯನ್ನು ಬೆಳೆಯಲು ನೆಲ ಬೇಕು, ನಾಲ್ಕು ತಿಂಗಳು ಬೇಕು, ಮಳೆ ಕೂಡಿಬರಬೇಕು. ಹೊಲ ಎಲ್ಲರ ಕಣ್ಣೆದುರೇ ಇರುತ್ತದೆ. ಅದರ ಜೊತೆಗೆ ದಿನಕ್ಕೆ ಒಬ್ಬರಿಗೆ 15 ಹಕ್ಕಿ ಎಂಬ ಮಿತಿ, ಕೋವಿಯಲ್ಲಿ ಮೂರೇ ತೋಟಾ ಎಂಬ ನಿಯಮವೂ ಸೇರಿತು. ನೆಲವಿಲ್ಲದವರನ್ನೂ ಬಿಡಲಿಲ್ಲ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಕೋವಿ, ತೋಟಾಗಳ ಮೇಲಿನ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಮಿಸೌರಿಯಂಥ ರಾಜ್ಯಗಳಲ್ಲಿ ಇಲಾಖೆಯೇ ಸಾರ್ವಜನಿಕ ಜಾಗದಲ್ಲಿ ಬೆಳವಕ್ಕಾಗಿ ಸೂರ್ಯಕಾಂತಿ ಬೆಳೆಸುತ್ತದೆ. ವರ್ಷಕ್ಕೆ ಸುಮಾರು ಒಂದು ಕೋಟಿ ಬೆಳವಗಳು ಬೇಟೆಗೆ ಬಲಿಯಾದರೂ ಕುಲ ಅಳಿದಿಲ್ಲ. ಒಂದು ಸಲಕ್ಕೆ ಎರಡೇ ಮೊಟ್ಟೆಯಾದರೂ ಬೆಚ್ಚನೆಯ ನಾಡಿನಲ್ಲಿ ವರ್ಷಕ್ಕೆ ಹಲವು ಸಲ ಮರಿ ಮಾಡುವ ಹಕ್ಕಿ ಅದು.

ಎಲ್ಲರೂ ಇದನ್ನು ಒಪ್ಪಿಲ್ಲ. ಕೆಲವರಿಗೆ ಅದು ಊಟದ ಹಕ್ಕಿ, ಕೆಲವರಿಗೆ ಅಂಗಳಕ್ಕೆ ಬರುವ ಶಾಂತಿಯ ಹಕ್ಕಿ. ಮಿಚಿಗನ್ ಶಾಸನಸಭೆ ಬೆಳವದ ಬೇಟೆಗೆ ಒಪ್ಪಿಗೆ ಕೊಟ್ಟರೆ, 2006ರಲ್ಲಿ ಮತದಾರರು ಭಾರೀ ಬಹುಮತದಿಂದ ಅದನ್ನು ತಳ್ಳಿಹಾಕಿದರು. ಪಕ್ಕದ ವಿಸ್ಕಾನ್ಸಿನ್ 1971ರಲ್ಲಿ ಬೆಳವವನ್ನು ಶಾಂತಿಯ ಸಂಕೇತವೆಂದು ಘೋಷಿಸಿತ್ತು. 2003ರಲ್ಲಿ ಅಲ್ಲಿ ಬೇಟೆ ಶುರುವಾಯಿತು.

ಕಾಳಿನ ವಿಷಯದಲ್ಲಿ ಇಷ್ಟು ಲೆಕ್ಕವಿಟ್ಟ ಕಾನೂನು ಇನ್ನೊಂದು ಸಂಗತಿಯನ್ನು ನಡುದಾರಿಯಲ್ಲೇ ಬಿಟ್ಟಿದೆ. ಬೆಳವಕ್ಕೆ ಹೊಡೆಯುವ ಒಂದು ತೋಟಾದಲ್ಲಿ ಸೀಸದ ಚರೆಗಳು ನೂರಾರು. ಹಕ್ಕಿಗೆ ತಗಲುವುದು ಎರಡೋ ಮೂರೋ, ಉಳಿದದ್ದು ಹೊಲಕ್ಕೆ. ಕಾಳು ಕಾಣಲೆಂದು ಬೋಳು ಮಾಡಿದ ನೆಲದಲ್ಲಿ ಚರೆಯೂ ಚೆನ್ನಾಗಿಯೇ ಕಾಣುತ್ತದೆ. ಬೆಳವ ಅದನ್ನೂ ಹೆಕ್ಕುತ್ತದೆ, ಒಂದೆರಡು ಚರೆ ನುಂಗಿದರೂ ಸಾಯಬಲ್ಲದು. ಬಾತುಗಳ ಬೇಟೆಯಲ್ಲಿ ಸೀಸವನ್ನು ದೇಶದಾದ್ಯಂತ 1991ರಲ್ಲಿ ನಿಷೇಧಿಸಲಾಯಿತು. ಬೆಳವದ ಬೇಟೆಗೆ ಅಂಥ ರಾಷ್ಟ್ರೀಯ ನಿಷೇಧ ಬಂದಿಲ್ಲ. ಕ್ಯಾಲಿಫೋರ್ನಿಯಾ 2019ರಿಂದ ಎಲ್ಲ ಬೇಟೆಗೂ ಸೀಸ ಬೇಡವೆಂದಿದೆ. ಮಿಸೌರಿಯ ಹಲವು ಸಾರ್ವಜನಿಕ ಹೊಲಗಳಲ್ಲಿ ಉಕ್ಕಿನಂಥ ವಿಷವಲ್ಲದ ಚರೆಯನ್ನೇ ಬಳಸಬೇಕು. ಉಳಿದೆಡೆ, ಒಂದು ಹಿಡಿ ಕಾಳು ಚೆಲ್ಲಿದವನು ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಒಂದು ಹಿಡಿ ಸೀಸ ಚೆಲ್ಲಿದವನು ಹಕ್ಕಿಗಳನ್ನು ಎಣಿಸಿಕೊಂಡು ಮನೆಗೆ ಹೋಗುತ್ತಾನೆ.