ಅರ, ಗರಗಸ, ಕೊಡಲಿ: ದಾಂಡೇಲಿ ಸೀಮೆಯ ಹತಾರದ ಪೇಟೆ

ತೇಗದ ಮರದೊಳಗೆ ಮರಳಿನ ಅಂಶವಿದೆ. ಬೇರು ನೆಲದಿಂದ ಹೀರಿದ ಸಿಲಿಕಾ ಮರದ ಮೈಯಲ್ಲೇ ಉಳಿದುಬಿಡುತ್ತದೆ. ಎಂಥ ಉಕ್ಕಿನ ಗರಗಸವಾದರೂ ತೇಗದ ದಿಮ್ಮಿಯಲ್ಲಿ ಬೇಗ ಮೊಂಡಾಗುವುದು ಅದಕ್ಕೇ. ತೇಗವನ್ನೇ ನಂಬಿ ಬೆಳೆದ ದಾಂಡೇಲಿಯಲ್ಲಿ ಹತಾರದ ಅಂಗಡಿಯ ಮರ್ಮವೂ ಇಲ್ಲೇ ಇತ್ತು: ಒಮ್ಮೆ ಕೊಂಡ ಗರಗಸ ವರ್ಷಗಟ್ಟಲೆ ಬಾಳುತ್ತದೆ, ಅದರ ಹಲ್ಲು ಮಸೆಯುವ ಮೂರು ಮೂಲೆಯ ಅರ ಮಾತ್ರ ಸವೆಯುತ್ತಲೇ ಇರುತ್ತದೆ.

ಎರಡಾಳಿನ ಗರಗಸದ ಕೆಲಸ ನೋಡಿದವರು ಈಗ ಕಡಿಮೆ. ದಿಮ್ಮಿಯನ್ನು ಎತ್ತರದ ಅಡ್ಡೆಯ ಮೇಲೆ ಏರಿಸಿ, ಒಬ್ಬ ಮೇಲೆ ನಿಂತು ಇನ್ನೊಬ್ಬ ಕೆಳಗೆ ನಿಂತು ಎಳೆಯಬೇಕು. ಮೇಲಿನವನು ಗೆರೆ ತಪ್ಪದಂತೆ ನೋಡಿಕೊಂಡರೆ, ಮರದ ಹೊಟ್ಟು ಎಲ್ಲ ಕೆಳಗಿನವನ ಕಣ್ಣಿಗೆ. ಗರಗಸದ ಹಲ್ಲುಗಳನ್ನು ಒಂದು ಬಲಕ್ಕೆ, ಒಂದು ಎಡಕ್ಕೆ ತುಸು ಬಾಗಿಸಿರುತ್ತಾರೆ. ಹಾಗೆ ಮಾಡಿದರಷ್ಟೇ ಕೊಯ್ದ ಸೀಳು ಅಲಗಿಗಿಂತ ಅಗಲವಾಗಿ, ಗರಗಸ ಮರದಲ್ಲಿ ಕಚ್ಚಿಕೊಳ್ಳದೆ ಓಡಾಡುತ್ತದೆ. ಈ ಬಾಗು ಹೆಚ್ಚಾದರೆ ಮರ ಹಾಳು, ಕಡಿಮೆಯಾದರೆ ರಟ್ಟೆ ಹಾಳು. ಅಂಗಡಿಯವನು ಗರಗಸ ಕೊಡಬಲ್ಲ. ಈ ಹದ ಕೂಡಿಸುವುದು ಕೊಯ್ಯುವವನ ಕಣ್ಣಳತೆಗೇ ಬಿಟ್ಟದ್ದು.

ಈ ಪೇಟೆ ಹುಟ್ಟಿದ್ದು ಕಾಡಿನ ಸರಕು ಹೊರಗೆ ಹೋಗಲು ದಾರಿ ಸಿಕ್ಕಾಗ. ಬ್ರಿಟಿಷರ ಕಾಲದಲ್ಲಿ ಅಳ್ನಾವರದಿಂದ ದಾಂಡೇಲಿಗೆ ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿನ ರೈಲು ಮಾರ್ಗ ಹಾಕಿದ್ದೇ ಮರ ಸಾಗಿಸಲಿಕ್ಕೆ. ಆಮೇಲೆ ಪ್ಲೈವುಡ್ ಕಾರ್ಖಾನೆ ಬಂತು, 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾಯಿತು, ಫೆರೋ ಅಲಾಯ್ ಘಟಕವೂ ಎದ್ದಿತು. ಕೊಡಲಿ, ಬಾಚಿ, ಉಳಿಗಳ ಪಕ್ಕದಲ್ಲಿ ಪಾನಾ, ಬೋಲ್ಟು, ಬೇರಿಂಗುಗಳಿಗೂ ಜಾಗ ಬೇಕಾಯಿತು. ಹಳಿಯಾಳದ ರೈತನಿಗೆ ಬೇಕಾದ ಕುಡಗೋಲು, ಕುರ್ಚಿಗಿಗಳ ಲೋಕವೇ ಬೇರೆ. ಅವು ಬಹುಪಾಲು ಕಮ್ಮಾರನ ಕುಲುಮೆಯಿಂದ ನೇರ ಸಂತೆಗೆ ಬರುತ್ತಿದ್ದವು.

ಒಂದು ಹತಾರ ಮಾತ್ರ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅರಣ್ಯ ಇಲಾಖೆಯವರು ದಿಮ್ಮಿಯ ತುದಿಗೆ ಮುದ್ರೆ ಒತ್ತುವ ಸುತ್ತಿಗೆ ಅದು. ಮುಖದಲ್ಲಿ ಉಬ್ಬಕ್ಷರ ಕೆತ್ತಿದ ಆ ಸುತ್ತಿಗೆಯ ಒಂದೇಟು ಬಿದ್ದರೆ ಮರಕ್ಕೆ ಜಾತಕ ಬರೆದಂತೆ. ಖೋಟಾ ಮುದ್ರೆ ಹಾಕುವುದು ಅರಣ್ಯ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ದಾಂಡೇಲಿ ಟಿಂಬರ್ ಡಿಪೋದ ಹರಾಜಿಗೆ ದೂರದ ವ್ಯಾಪಾರಿಗಳೂ ಬರುತ್ತಾರೆ, ಮರ ಮುಟ್ಟುವ ಮೊದಲು ಅವರು ನೋಡುವುದು ಈ ಗುರುತನ್ನೇ.

ಬಿದಿರಿನ ಕಥೆ ಇನ್ನೂ ವಿಚಿತ್ರ. ಅದಕ್ಕೆ ಬೇಕಾದದ್ದು ಒಂದು ಕತ್ತಿ, ಅಷ್ಟೇ. ಆದರೆ ಎಲ್ಲಿ ಕಡಿಯಬೇಕು ಎಂಬುದರಲ್ಲಿ ಇಡೀ ಕಾಡಿನ ಹಣೆಬರಹ ಅಡಗಿತ್ತು. ಹಳ್ಳಿಯವರು ಬುಡದ ಮುಳ್ಳಿನ ಬೇಲಿಯನ್ನು ಹಾಗೇ ಬಿಟ್ಟು ಮೇಲಿನಿಂದ ಗಳ ಕಡಿದೊಯ್ಯುತ್ತಿದ್ದರು. ಕಾಗದದ ಕಾರ್ಖಾನೆಗಾಗಿ ಕಡಿಯುವಾಗ ಬುಡ ಶುಚಿಯಾಗಿರಲಿ ಎಂದು ಮುಳ್ಳು ಸವರಲಾಯಿತು. ಮುಳ್ಳು ಹೋದದ್ದೇ ತಡ, ಎಳೆ ಕಳಲೆ ದನ, ಮಂಗಗಳ ಬಾಯಿಗೆ ಬಿತ್ತು, ಮೆಳೆಗಳು ಸೊರಗಿದವು. 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರನ್ನು ಅಧ್ಯಯನ ಮಾಡಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಇದನ್ನು ದಾಖಲಿಸಿದ್ದಾರೆ. ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಬಿದಿರು ಗೊತ್ತುಮಾಡಿದ್ದನ್ನೂ ಅವರು ಮತ್ತೆ ಮತ್ತೆ ಹೇಳಿದ್ದುಂಟು. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆ ಅದರ ಎಷ್ಟೋ ಪಟ್ಟು. ಸವರುಗತ್ತಿಗೆ ದುಡಿಮೆ ಸಿಕ್ಕಿತು, ಬುಟ್ಟಿಗತ್ತಿಗೆ ಕೆಲಸ ತಪ್ಪಿತು.

ಸೂಪಾ ಪೇಟೆಯ ಗತಿ ಬೇರೆ. ಕಾಳಿ ಮತ್ತು ಪಂಡರಿ ನದಿಗಳ ಸಂಗಮದಲ್ಲಿದ್ದ ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂತು. ಸಂತ್ರಸ್ತರಲ್ಲಿ ಅನೇಕರು ಅದೇ ತಾಲೂಕಿನ ರಾಮನಗರ ಸೇರಿದರು. ಅತ್ತ ಮುಂಡಗೋಡದಲ್ಲಿ 1966ರಿಂದ ನೆಲೆಯೂರಿದ ಟಿಬೆಟನ್ನರಿಗೆ ಕಾಡು ಸವರಿ ಹೊಲ ಮಾಡುವ ಕೆಲಸ. ಅವರ ಮೊದಲ ಅಗತ್ಯ ಗುದ್ದಲಿ, ಸಲಿಕೆ.

ಪ್ಲೈವುಡ್ ಕಾರ್ಖಾನೆ, ಫೆರೋ ಅಲಾಯ್ ಎರಡೂ ಬಾಗಿಲು ಹಾಕಿವೆ. ಯಂತ್ರದ ಗರಗಸ ಬಂದ ಮೇಲೆ ಎರಡಾಳಿನದು ಮೂಲೆ ಸೇರಿತು. ಇದೆಲ್ಲದರ ನಡುವೆ 2007ರಲ್ಲಿ ಇಲ್ಲಿನ ಅರಣ್ಯ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಳಿಯಲ್ಲಿ ರ್‍ಯಾಫ್ಟಿಂಗ್‌ಗೆ ಬರುವವರಿಗೆ ಲೈಫ್ ಜಾಕೆಟ್ ಬೇಕು, ಹುಟ್ಟು ಬೇಕು. ಅರದ ಗೊಡವೆ ಯಾರಿಗಿದೆ? ಆದರೂ ಜೋಯಿಡಾದ ಕುಣಬಿ ಸಮುದಾಯದವರು ಮುಡ್ಲಿ ಗೆಡ್ಡೆ ಬೆಳೆಯುವುದನ್ನು ಬಿಟ್ಟಿಲ್ಲ, ಅಲ್ಲಿ ಗೆಡ್ಡೆಗೆಣಸು ಮೇಳವೂ ನಡೆಯುತ್ತದೆ. ಹಾರೆ, ಗುದ್ದಲಿ ಮಾರುವವನಿಗೆ ಆ ಕಡೆಯ ಗಿರಾಕಿ ಇನ್ನೂ ತಪ್ಪಿಲ್ಲ.